ಯೋನನ ಮೂರನೇ ಸಾಲು

ಡಾಲ್ಬಿ
೯ ಜೂನ್ ೨೦೨೨

ಡಾಲಿನ್,

ಬ್ರೆಟನ್ ವಿದ್ವಾಂಸನ ಲೇಖನ ಕೊನೆಗೂ ಬಂತು. ಕಳೆದ ಕ್ರಿಸ್‌ಮಸ್‌ನ ಹಿಂದಿನ ಸಂಜೆ ನಮ್ಮ ಚಾಪೆಲ್‌ಗೆ ಈಲ್ ವೆರಿಯ ಹಾಡುಕೂಟ ಕೇಳಲು ಬಂದಿದ್ದನಲ್ಲ, ಹಿಂದಿನ ಬೆಂಚಿನಲ್ಲಿ ಕೋಟು ಬಿಚ್ಚದೆ ಕೂತಿದ್ದವನು, ಅವನೇ. ನಾವೆಲ್ಲ ಹಾಡಿದ್ದನ್ನು ಎರಡು ಸಾಲಿನಲ್ಲಿ ಮುಗಿಸಿ, ಉಳಿದ ಪುಟಗಳನ್ನೆಲ್ಲ ಯೋನನ ಹಳೆಯ ಭಕ್ತಿಗೀತೆಗೆ, ಆ ಕಾರ್ವಲ್‌ಗೆ, ಕೊಟ್ಟಿದ್ದಾನೆ. ಪ್ರತಿ ಪದ್ಯದ ಮೂರನೇ ಸಾಲಿನ ಕೊನೆಯಲ್ಲಿ ನಿನ್ನ ದೊಡ್ಡಪ್ಪ ನಾರ್ಮನ್ ಮೇಲಕ್ಕೆ ಹೋಗುವುದು, ವಾಲ್ಟರ್ ಸ್ಕಿಲಿಕಾರ್ನ್ ಕೆಳಕ್ಕೆ ಇಳಿಯುವುದು, ನಾಲ್ಕನೇ ಸಾಲಿನಲ್ಲಿ ಇಬ್ಬರೂ ಏನೂ ಆಗಿಲ್ಲವೆಂಬಂತೆ ಮತ್ತೆ ಕೂಡಿಕೊಳ್ಳುವುದು, ಇದು ಬೇರೆಲ್ಲೂ ಉಳಿದಿರದ ಪುರಾತನ ಎರಡು ದನಿಯ ಗಾಯನಕ್ರಮ ಎಂದು ಅವನ ತೀರ್ಮಾನ.

ಇದನ್ನು ಇಬ್ಬರಿಗೂ ಓದಿ ಹೇಳಿದೆ. ಬೇರೆ ಬೇರೆಯಾಗಿ, ಸಹಜವಾಗಿಯೇ. ನಾರ್ಮನ್ ತೋಟದ ಗೋಡೆಗೆ ಒರಗಿಕೊಂಡು ಕೇಳಿ, ಆ ಮನುಷ್ಯನಿಗೆ ಕಿವಿ ಇದೆ, ಮೇಲಿನ ದನಿಯನ್ನು ಹಿಡಿದಿದ್ದಾನೆ ಎಂದರು. ವಾಲ್ಟರ್ ತಮ್ಮ ಅಡುಗೆಮನೆಯಲ್ಲಿ ಕೇಳಿ, ಆ ಮನುಷ್ಯನಿಗೆ ಕಿವಿ ಇದೆ, ಕೆಳಗಿನ ದನಿಯನ್ನು ಹಿಡಿದಿದ್ದಾನೆ ಎಂದರು. ಅದು ಗಾಯನಕ್ರಮವಲ್ಲ, ಜಗಳ ಎಂದು ಆ ಬಡಪಾಯಿಗೆ ಬರೆದು ತಿಳಿಸಬೇಕೇ ಬೇಡವೇ ಎಂದು ನನಗೆ ಈಗಲೂ ಗೊತ್ತಿಲ್ಲ.

ನಾನು ಯೋಚಿಸುತ್ತಿರುವುದು ಅದಕ್ಕಿಂತ ಹಿಂದಿನದನ್ನು. ರೇಡಿಯೋದವರು ಬಂದು "ನಿಮ್ಮಿಬ್ಬರಲ್ಲಿ ಯಾರದು ಸರಿ?" ಎಂದು ಕೇಳುವವರೆಗೆ ಇಬ್ಬರಿಗೂ ಅಲ್ಲೊಂದು ವ್ಯತ್ಯಾಸ ಇದೆ ಎಂಬುದೇ ಗೊತ್ತಿರಲಿಲ್ಲ. ಅಷ್ಟು ವರ್ಷ ಕೈಯಲ್ಲಿ ಮೇಣದಬತ್ತಿ ಹಿಡಿದು, ಬಾಗಿಲಿನಿಂದ ವೇದಿಕೆಯವರೆಗೆ ಎರಡು ಪದ್ಯಕ್ಕೊಮ್ಮೆ ನಾಲ್ಕು ಹೆಜ್ಜೆ ಇಡುತ್ತ, ಹೆಗಲಿಗೆ ಹೆಗಲು ತಾಗಿಸಿ ಹಾಡಿದ್ದರು. ಆ ಪ್ರಶ್ನೆಯ ಮಾರನೆಯ ದಿನದಿಂದ ಮಾತು ನಿಂತಿತು. ಹಾಡು ನಿಲ್ಲಲಿಲ್ಲ. ವರ್ಷಕ್ಕೊಂದು ಸಂಜೆ ಜೊತೆಯಾಗಿ ನಡೆದು, ಹಾಡಿ, ಬೇರೆ ಬೇರೆ ಬಾಗಿಲಿನಿಂದ ಮನೆಗೆ ಹೋಗುತ್ತಾರೆ. ಕೇಳಿದವರು ಸಂಸ್ಕೃತಿ ಉಳಿಸಲೆಂದೇ ಬಂದವರು. ನನ್ನ ಕೆಲಸವೂ ಅದೇ ಎಂಬುದು ಆಗಾಗ ನೆನಪಾಗುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಶಾಲೆಯ ದೊಡ್ಡ ಮಕ್ಕಳಿಗೆ ಯೋನನನ್ನು ಕಲಿಸಲು ಸಂಸ್ಕೃತಿ ನಿಧಿಯವರು ಒಪ್ಪಿದ್ದಾರೆ. ಸೆಪ್ಟೆಂಬರ್‌ನಿಂದ ಶುರು. ಇಬ್ಬರೂ ಬಂದು ಹಾಡಿ ತೋರಿಸಲು ಒಪ್ಪಿದ್ದಾರೆ, ಒಂದೇ ದಿನ ಅಲ್ಲ ಎಂಬ ಷರತ್ತಿನ ಮೇಲೆ. ಮಕ್ಕಳಿಗೆ ಯಾವುದನ್ನು ಕಲಿಸಲಿ? ನೀನು ನಾರ್ಮನ್ ಕ್ವಾಗಿನ್ ಮನೆಯವನು, ನಿನ್ನ ಉತ್ತರ ಗೊತ್ತಿದ್ದೂ ಕೇಳುತ್ತಿದ್ದೇನೆ.

ಏಲಿಶ್


ಹೋಬರ್ಟ್
೨ ಜುಲೈ ೨೦೨೨

ಏಲಿಶ್,

ಉತ್ತರ ಗೊತ್ತಿದೆಯಲ್ಲ, ಹಾಗಾದರೆ ಕಾಗದ ಉಳಿಯಿತು.

ಆದರೂ ಬರೆಯುತ್ತೇನೆ. ಯೋನ ಮೀನಿನ ಹೊಟ್ಟೆಯೊಳಗಿಂದ ಕೂಗುತ್ತಿದ್ದಾನೆ. ಯಾರನ್ನು ಕೂಗುತ್ತಿದ್ದಾನೆ? ಮೇಲಿರುವವನನ್ನು. ದನಿ ಮೇಲಕ್ಕೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು? ಇದು ದೊಡ್ಡಪ್ಪನ ವಾದ, ಇದಕ್ಕೆ ಉತ್ತರವಿಲ್ಲ. ಮೀನು ಕೆಳಗೆ ಮುಳುಗುವಾಗ ದನಿ ಹೇಗೆ ಮೇಲೆ ಹೋಗುತ್ತದೆ ಎಂದು ವಾಲ್ಟರ್ ಕೇಳುತ್ತಾರೆ. ಅವರು ಹಾಡುತ್ತಿರುವುದು ಮೀನಿನ ಪರವಾಗಿ.

ನಿನ್ನ ಪತ್ರ ಬಂದ ದಿನ ಹಡಗಿನ ಎಂಜಿನ್ ಬಿಚ್ಚಿ ಹಾಕಿದ್ದೆವು. ಈ ಸಲ ದಕ್ಷಿಣದ ಮಂಜುಗಡ್ಡೆಗೆ ಹೋಗುವ ತಂಡದಲ್ಲಿ ನಾನಿಲ್ಲ. ಫೆಬ್ರವರಿ ಕಳೆಯುವವರೆಗೆ ದಡದಲ್ಲೇ, ರಿಪೇರಿ ಶೆಡ್ಡಿನಲ್ಲಿ. ಇಲ್ಲಿ ನಮ್ಮ ದ್ವೀಪದ ಮ್ಯಾಂಕ್ಸ್ ಭಾಷೆ ಮಾತಾಡಲು ಯಾರೂ ಇಲ್ಲದ್ದರಿಂದ ಪಂಪುಗಳ ಜೊತೆ ಮಾತಾಡುತ್ತೇನೆ. ಜೊತೆಯವರು ಮೊದಲು ಹೆದರಿದರು, ಈಗ ಪಂಪು ಕೆಟ್ಟರೆ "ನಿನ್ನ ಭಾಷೆಯಲ್ಲಿ ಒಂದು ಮಾತು ಹೇಳು" ಎನ್ನುತ್ತಾರೆ. ನಾವಿಬ್ಬರೂ ಕಾಗದದಲ್ಲೇ ಬರೆಯಬೇಕೆಂಬ ನಿನ್ನ ಕಟ್ಟಳೆಯನ್ನು ನಾನು ಬೈದದ್ದುಂಟು. ಕಂಪ್ಯೂಟರಿನಲ್ಲಿ ಬರೆದರೆ ಎಲ್ಲಿಂದಲೋ ಇಂಗ್ಲಿಷ್ ನುಸುಳಿ ಬರುತ್ತದೆ ಎಂದು ನೀನು ಹೇಳಿದ್ದು ಸರಿ. ಕೈಯಲ್ಲಿ ಬರೆಯುವಾಗ ಪ್ರತಿ ಪದವೂ ದೊಡ್ಡಪ್ಪನ ಬಾಯಲ್ಲಿ ಒಮ್ಮೆ ಕೇಳಿಸಿ ಆಮೇಲೆ ಕೆಳಗಿಳಿಯುತ್ತದೆ.

ವಾಲ್ಟರ್ ಜೊತೆ ಬಿಟ್ಟರೆ ದೊಡ್ಡಪ್ಪ ಮಾತು ನಿಲ್ಲಿಸಿದ್ದನ್ನು ನಾನು ನೋಡಿಲ್ಲ. ಅಪ್ಪ ಹೋದ ಮೇಲೆ ಅವರ ಮನೆಗೆ ಬಂದಾಗ ನನಗೆ ಆರು ವರ್ಷ. ಇಡೀ ಚಳಿಗಾಲ ನಾನು ಬಾಯಿ ಬಿಡಲಿಲ್ಲವಂತೆ. ಅವರು ಗೇಟಿನ ಜೊತೆ, ಆಲೂಗಡ್ಡೆಯ ಜೊತೆ, ಪಕ್ಕದ ಮನೆಯ ನಾಯಿಯ ಜೊತೆ ಮ್ಯಾಂಕ್ಸ್‌ನಲ್ಲಿ ಮಾತಾಡುತ್ತ ಹೋದರು. ನನ್ನನ್ನು ಏನೂ ಕೇಳಲಿಲ್ಲ. ಒಂದು ದಿನ ನಾಯಿಯ ಪರವಾಗಿ ನಾನೇ ಉತ್ತರ ಕೊಟ್ಟೆ.

ಅವರಿಗೂ ದೊಡ್ಡಮ್ಮ ಡೊರೀನ್‌ಗೂ ಹೇಳು, ಬೇಸಗೆಗೆ ಬರಲಾಗಲಿಲ್ಲ, ಮುಂದಿನ ವರ್ಷ ನೋಡೋಣ ಅಂತ.

ಡಾಲಿನ್


ಡಾಲ್ಬಿ
೨೦ ಸೆಪ್ಟೆಂಬರ್ ೨೦೨೨

ಡಾಲಿನ್,

ಬ್ಲಾಕ್‌ಬೆರಿ ಈ ವರ್ಷ ಬೇಗ ಬಂದು ಬೇಗ ಹೋಯಿತು. ಬೆರಳುಗಳು ಇನ್ನೂ ನೀಲಿ. ಗಾಳಿ ತಿಳಿಯಾದ ದಿನ ಸಮುದ್ರದ ಆಚೆ ಐರ್ಲೆಂಡಿನ ಬೆಟ್ಟಗಳು ಎಷ್ಟು ಹತ್ತಿರ ಕಾಣುತ್ತವೆಂದರೆ, ನಾಳೆ ಮಳೆ ಎಂದು ಯಾರೂ ಬಾಯಿ ಬಿಟ್ಟು ಹೇಳಬೇಕಾಗಿಯೇ ಇಲ್ಲ.

ಶಾಲೆಯಲ್ಲಿ ಯೋನ ಶುರುವಾಗಿದ್ದಾನೆ. ಮಕ್ಕಳಿಗೆ ಪಾಪ, ಶಿಕ್ಷೆ, ನರಕ ಇವುಗಳಲ್ಲಿ ಬಹಳ ಆಸಕ್ತಿ. ನಮ್ಮ ಹಿರಿಯರು ಕ್ರಿಸ್‌ಮಸ್‌ಗೆ ಇಂಥವನ್ನೇ ಯಾಕೆ ಹಾಡುತ್ತಿದ್ದರು ಎಂದು ಒಬ್ಬಳು ಕೇಳಿದಳು. ಮೀನು ಯೋನನನ್ನು ಕಕ್ಕುವ ಪದ್ಯಕ್ಕೆ ಒಬ್ಬ ಅಭಿನಯ ಸೇರಿಸಿದ್ದಾನೆ, ಅದನ್ನು ತೆಗೆಸಬೇಕು. ಸದ್ಯಕ್ಕೆ ನನ್ನ ಫೋನಿನಲ್ಲಿ ಹಿಡಿದಿಟ್ಟ ಹಾಡನ್ನೇ ಕೇಳಿಸಿ ಕಲಿಸುತ್ತಿದ್ದೇನೆ. ನಾರ್ಮನ್‌ಗೆ ಈ ವಾರಗಳಲ್ಲಿ ಶಾಲೆಗೆ ಬರಲಾಗಲಿಲ್ಲ. ವಾಲ್ಟರ್ ಮುಂದಿನ ತಿಂಗಳು ಬರಬಹುದು, ಬರದೆಯೂ ಇರಬಹುದು.

ಚಾಪೆಲ್‌ನ ಒಲೆ ರಿಪೇರಿಯಾಗಿದೆ. ಬೆಂಚುಗಳಿಗೆ ಎಣ್ಣೆ ಹಚ್ಚಿದೆವು, ಈಗ ಎಲ್ಲರ ಕೋಟಿಗೂ ಅಂಟುತ್ತಿದೆ.

ನಿನ್ನ ಪಂಪುಗಳು ಹೇಗಿವೆ? ದಡದ ಮೇಲಿನ ಚಳಿಗಾಲ ಮುಗಿದಿರಬೇಕು.

ಏಲಿಶ್


ಹೋಬರ್ಟ್
೧೧ ಅಕ್ಟೋಬರ್ ೨೦೨೨

ಏಲಿಶ್,

ನಿನ್ನ ಪತ್ರದಲ್ಲಿ ಒಲೆಗೆ ಒಂದು ವಾಕ್ಯ, ಬೆಂಚಿಗೆ ಒಂದು ವಾಕ್ಯ, ದೊಡ್ಡಪ್ಪನಿಗೆ ಒಂದು ವಾಕ್ಯ. "ಬರಲಾಗಲಿಲ್ಲ." ಅದನ್ನು ಓದಿ ಕಾಗದ ಕೆಳಗಿಡುವ ಮೊದಲೇ ದೊಡ್ಡಮ್ಮನಿಗೆ ಫೋನ್ ಮಾಡಿದೆ.

ಪಾರ್ಶ್ವವಾಯು ಆದದ್ದು ಆಗಸ್ಟ್‌ನಲ್ಲಿ. ನಾನು ಕೇಳಿದ್ದು ಅಕ್ಟೋಬರ್‌ನಲ್ಲಿ. ಅಷ್ಟು ದೂರದಲ್ಲಿ ಅವನಿಗೆ ಹೇಳಿ ಏನು ಮಾಡುವುದು ಎಂದು ತಾನೇ ಎಲ್ಲರ ಬಾಯಿ ಕಟ್ಟಿದ್ದಾಗಿ ದೊಡ್ಡಮ್ಮ ಅಂದರು. ಅವರನ್ನು ಬೈಯಲಾರೆ. ನಿನ್ನನ್ನು ಬೈಯಬಹುದು, ಆದರೆ ಅದಕ್ಕೆ ನಾಲ್ಕು ಪುಟ ಬೇಕು, ಅಷ್ಟು ಹೊತ್ತು ಇಲ್ಲ.

ಬಲಗೈ ಆಡುವುದಿಲ್ಲ, ಮಾತು ಇಲ್ಲ, ರಾಮ್ಸಿಯ ಆರೈಕೆಮನೆಯಲ್ಲಿ ಸಮುದ್ರ ಕಾಣದ ಕೋಣೆ. ಇಷ್ಟು ಗೊತ್ತಾಯಿತು. ದೊಡ್ಡಮ್ಮ ಫೋನನ್ನು ಅವರ ಕಿವಿಗೆ ಹಿಡಿಯಲೇ ಎಂದು ಕೇಳಿದರು. ಬೇಡ ಎಂದೆ. ಹಡಗು ನವೆಂಬರ್ ಎರಡನೇ ವಾರ ಹೊರಡುತ್ತದೆ, ಸಿದ್ಧತೆಯ ಗಡಿಬಿಡಿ. ಜನವರಿ ಕೊನೆಯವರೆಗೆ ಪತ್ರ ತಲುಪುವುದಿಲ್ಲ.

ಒಂದೇ ಕೇಳುವುದಿದೆ. ಮಕ್ಕಳಿಗೆ ದೊಡ್ಡಪ್ಪನ ಮೂರನೇ ಸಾಲನ್ನು ಕಲಿಸು. ಅದನ್ನು ಮಾತ್ರ. ಅವರ ಬಾಯಿಯಲ್ಲಿ ಅದು ಇನ್ನಿಲ್ಲ ಅಂದಮೇಲೆ ಮಕ್ಕಳ ಬಾಯಿಯಲ್ಲಾದರೂ ಇರಲಿ. ವಾಲ್ಟರ್‌ಗೆ ಇನ್ನು ಎದುರಿಲ್ಲ. ಅವರು ಬಂದು ಒಮ್ಮೆ ಹಾಡಿ, ಇದೇ ಸರಿ ಎಂದು ಹೇಳಿ ಹೋದರೆ ಮುಗಿಯಿತು, ಇನ್ನೈವತ್ತು ವರ್ಷ ದ್ವೀಪವೆಲ್ಲ ಕೆಳಕ್ಕೇ ಇಳಿಯುತ್ತದೆ. ಅವರು ಹದಿನಾರು ವರ್ಷ ಕಾದದ್ದು ಇದಕ್ಕೇ. ಅವರನ್ನು ಶಾಲೆಗೆ ಕರೆಯಬೇಡ.

ಡಾಲಿನ್


ಡಾಲ್ಬಿ
೧ ನವೆಂಬರ್ ೨೦೨೨

ಡಾಲಿನ್,

ಬೈಗುಳ ಸಲ್ಲುತ್ತದೆ. ನಾಲ್ಕು ಪುಟ ಯಾವಾಗ ಬೇಕಾದರೂ ಕಳಿಸು.

ನಿನ್ನ ಪತ್ರ ಬರುವ ಹೊತ್ತಿಗೆ ವಾಲ್ಟರ್ ಶಾಲೆಗೆ ಬಂದು ಹೋಗಿಯಾಗಿತ್ತು. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನಾನು ತರಗತಿಯನ್ನು ಎರಡು ಮಾಡಿದ್ದೆ. ಕಿಟಕಿಯ ಕಡೆಯವರು ಕ್ವಾಗಿನ್ ಸಾಲು ಹಾಡುತ್ತಾರೆ, ಬಾಗಿಲ ಕಡೆಯವರು ಸ್ಕಿಲಿಕಾರ್ನ್ ಸಾಲು. ಇದನ್ನು ಯಾರಿಗೂ ಹೇಳಿರಲಿಲ್ಲ, ನಿನಗೂ ಇಲ್ಲ. ಜಗಳವನ್ನು ಮಕ್ಕಳಿಗೆ ಪಾಠ ಮಾಡುತ್ತಿದ್ದೇನೋ ಏನೋ ಎಂಬ ಅಳುಕು ಇತ್ತು. ವಾಲ್ಟರ್ ಟೋಪಿ ತೆಗೆದು ಸಣ್ಣ ಕುರ್ಚಿಯ ಮೇಲೆ ಕೂತರು, ಮಂಡಿ ಗದ್ದಕ್ಕೆ ಬಂತು. ಮಕ್ಕಳು ಎರಡು ಪದ್ಯ ಹಾಡಿದರು. ಮೂರನೇ ಸಾಲಿನಲ್ಲಿ ಒಡೆದು ನಾಲ್ಕರಲ್ಲಿ ಕೂಡಿಕೊಂಡರು. ನಾನು ಗೋಡೆ ನೋಡುತ್ತಿದ್ದೆ. ಇನ್ನು ಇವರು ಎದ್ದು ಕಿಟಕಿಯ ಕಡೆಯವರನ್ನು ಸುಮ್ಮನಿರಿಸುತ್ತಾರೆ ಎಂದುಕೊಂಡೆ. ಎದ್ದದ್ದೂ ನಿಜ, ಕಿಟಕಿಯ ಕಡೆಗೇ ಹೋದದ್ದೂ ನಿಜ.

"ನೀವು ಮೆತ್ತಗೆ ಹಾಡ್ತಿದ್ದೀರ," ಅಂದರು. "ನಾರ್ಮನ್ ಹಾಗೆ ಹಾಡ್ತಿರಲಿಲ್ಲ. ಅವನು ತಪ್ಪು ಹಾಡ್ತಿದ್ದ, ಆದ್ರೆ ಗಟ್ಟಿಯಾಗಿ ಹಾಡ್ತಿದ್ದ. ಮತ್ತೊಂದ್ಸಲ ಶುರು ಮಾಡಿ."

ಮಧ್ಯಾಹ್ನದವರೆಗೆ ಕಿಟಕಿಯ ಕಡೆಯವರನ್ನೇ ತಿದ್ದಿದರು. ತಮ್ಮ ಕಡೆಯವರತ್ತ ತಿರುಗಿಯೂ ನೋಡಲಿಲ್ಲ. ಮೇಲಕ್ಕೆ ಹೋಗುವ ಮೊದಲು ನಿನ್ನ ದೊಡ್ಡಪ್ಪ ಒಂದು ಸಣ್ಣ ಉಸಿರು ತೆಗೆದುಕೊಳ್ಳುತ್ತಾರೆ ಎಂಬುದು ನನಗೇ ಗೊತ್ತಿರಲಿಲ್ಲ. ಪಕ್ಕದಲ್ಲಿ ನಿಂತವರಿಗೆ ಮಾತ್ರ ಕೇಳಿಸುವಂಥದ್ದು.

ಆಮೇಲೆ ಅಂಗಳದಲ್ಲಿ, ಈ ಕ್ರಿಸ್‌ಮಸ್‌ಗೆ ಏನು ಮಾಡುವುದು ಎಂದು ಕೇಳಿದೆ. ಏನೂ ಇಲ್ಲ, ತಾನು ಹಾಡುವುದಿಲ್ಲ ಅಂದರು. ಬೇರೆ ಯಾರಾದರೂ ಜೊತೆ ನಿಂತರೆ ಎಂದು ಕೇಳಿದ್ದಕ್ಕೆ, ಒಂದು ಹುಟ್ಟಿನ ದೋಣಿಗೆ ಸಿಕ್ಕ ಕೋಲು ಕಟ್ಟಿದರೆ ಅದು ಸುತ್ತುವುದು ಬಿಡುತ್ತದೆಯೇ ಎಂದರು. ನಾನು ಒತ್ತಾಯಿಸಿದೆ. ಹಾಡದೆ ಒಂದು ವರ್ಷ ಹೋದರೆ ಮರುವರ್ಷ ಹಾಡುವುದು ಕಷ್ಟ, ಅದರ ಮರುವರ್ಷ ಅದು ಬರೀ ಲೇಖನದಲ್ಲಿರುತ್ತದೆ. ಅದನ್ನು ನಾನು ಬೇರೆ ಹಾಡುಗಳಲ್ಲಿ ನೋಡಿದ್ದೇನೆ. ಅವರು ಟೋಪಿ ಹಾಕಿಕೊಂಡು ಹೋದರು.

ಇನ್ನೊಂದು ವಿಷಯವಿದೆ. ಕಳೆದ ಗುರುವಾರ ಡೊರೀನ್‌ಗೆ ನೆಗಡಿ, ಅವರ ಬದಲು ನಾನು ರಾಮ್ಸಿಗೆ ಹೋಗಿದ್ದೆ. ಬಾಗಿಲಲ್ಲಿದ್ದ ಹುಡುಗಿ, ಒಳಗೆ ಹಾಡು ನಡೆಯುತ್ತಿದೆ, ಸ್ವಲ್ಪ ನಿಲ್ಲಿ ಎಂದಳು. ರೇಡಿಯೋ ಇರಬೇಕು ಎಂದುಕೊಂಡೆ. ಅಲ್ಲ. ಡಾಲಿನ್, ಅವರಿಗೆ ಮಾತು ಹೋಗಿದೆ, ನೀರು ಬೇಕು ಎನ್ನಲಾಗುವುದಿಲ್ಲ, ಡೊರೀನ್ ಹೆಸರು ಹೇಳಲಾಗುವುದಿಲ್ಲ. ಆದರೆ ಯೋನ ಇದ್ದಾನೆ. ಪದ್ಯಕ್ಕೆ ಪದ್ಯ, ಪದಕ್ಕೆ ಪದ. ಮಾತಿನ ಬಾಗಿಲು ಬೇರೆ, ಹಾಡಿನ ಬಾಗಿಲು ಬೇರೆ ಎಂದು ಡಾಕ್ಟರು ಹೇಳಿದರಂತೆ. ಎದುರು ಕೂತಿದ್ದವರು ವಾಲ್ಟರ್. ಸೆಪ್ಟೆಂಬರ್‌ನಿಂದ ಪ್ರತಿ ಗುರುವಾರ ಪೀಲ್‌ನಲ್ಲಿ ಬಸ್ಸು ಬದಲಿಸಿ ಬರುತ್ತಾರಂತೆ. ಹಾಡು ಮುಗಿದ ಕೂಡಲೇ ಎದ್ದು ಹೊರಟರು, ಹೋಗಿ ಬರುತ್ತೇನೆ ಎಂದು ಕೂಡ ಹೇಳದೆ.

ಬಸ್ ನಿಲ್ದಾಣದವರೆಗೆ ಜೊತೆ ಹೋದೆ. ಇಷ್ಟು ದೂರ ಬರುತ್ತೀರಿ, ಒಂದು ಮಾತಾಡಬಾರದೇ ಎಂದೆ.

"ನೋಡು ಹುಡುಗಿ," ಅಂದರು. ನನಗೆ ಐವತ್ತಾರು, ಅವರಿಗೆ ನಾನಿನ್ನೂ ಹುಡುಗಿಯೇ. "ಅವನ ಜೊತೆ ಮಾತು ಬಿಟ್ಟಿದ್ದೀನಿ. ಈಗ ನಾನು ಶುರು ಮಾಡಿದ್ರೆ ಅವನಿಗೆ ತಿರುಗಿ ಹೇಳೋಕ್ಕಾಗಲ್ಲ. ಅದು ನ್ಯಾಯ ಅಲ್ಲ."

ನೀನು ಕೇಳಿದ್ದನ್ನು ಮಾಡಲಾರೆ. ಎರಡನ್ನೂ ಕಲಿಸುತ್ತೇನೆ. ಜೂನ್ ತಿಂಗಳ ನನ್ನ ಪ್ರಶ್ನೆಗೆ ಉತ್ತರ ಕೊಟ್ಟವರು ವಾಲ್ಟರ್.

ಫೆಬ್ರವರಿವರೆಗೆ ದಡದಲ್ಲೇ ಎಂದು ನೀನು ಬರೆದ ನೆನಪು. ನಾನು ಏನೂ ಕೇಳುತ್ತಿಲ್ಲ.

ಏಲಿಶ್


ಹೋಬರ್ಟ್ ಬಂದರು
೧೨ ನವೆಂಬರ್ ೨೦೨೨

ಏಲಿಶ್,

ಪತ್ರ ಇವತ್ತು ಬೆಳಿಗ್ಗೆ ಸಿಕ್ಕಿತು. ನಾಳೆ ಹೊರಡುತ್ತೇವೆ.

ಅವರು ಹಾಡುತ್ತಾರೆ ಎಂಬುದನ್ನು ದೊಡ್ಡಮ್ಮ ಹೇಳಿರಲಿಲ್ಲ. ಫೋನನ್ನು ಕಿವಿಗೆ ಹಿಡಿಯಲೇ ಎಂದು ಕೇಳಿದ್ದು ಅದಕ್ಕಿರಬಹುದು.

ವಾಲ್ಟರ್ ಬಗ್ಗೆ ನಿನ್ನಷ್ಟು ಮೆತ್ತಗಾಗಲು ನನಗೆ ಆಗುತ್ತಿಲ್ಲ. ಗೆದ್ದವನು ಸೋತವನ ಮನೆಗೆ ಹೋಗಿ ಕೂರುವುದು ಹೊಸದೇನಲ್ಲ. ಎದುರು ಕೂತು ವಾರಕ್ಕೊಮ್ಮೆ ತನ್ನ ಸಾಲು ಹಾಡಿ ಬರುತ್ತಾರೆ. ಮೇಲಕ್ಕೆ ಹೋಗಲು ದೊಡ್ಡಪ್ಪನಿಗೆ ಇನ್ನೆಷ್ಟು ಗುರುವಾರ ಉಸಿರು ಸಾಲುತ್ತದೆ? ಆಮೇಲೆ ಆ ಕೋಣೆಯಲ್ಲಿ ಒಂದೇ ಸಾಲು ಇರುತ್ತದೆ.

ನೀನು ಎರಡನ್ನೂ ಕಲಿಸು, ಅದು ನಿನ್ನ ಕೆಲಸ. ನಾನು ಕೇಳಿದ್ದು ನೆನಪಿರಲಿ.

ಡಾಲಿನ್


ಡಾಲ್ಬಿ
೨೭ ಡಿಸೆಂಬರ್ ೨೦೨೨

ಡಾಲಿನ್,

ನೀನು ಇದನ್ನು ಓದುವ ಹೊತ್ತಿಗೆ ಹಳೆಯದಾಗಿರುತ್ತದೆ. ಆದರೂ ಮರೆಯುವ ಮೊದಲು ಬರೆದುಬಿಡುತ್ತೇನೆ. ಮರೆಯುವುದಕ್ಕಿಂತ ಹೆಚ್ಚಾಗಿ, ಎರಡು ಸಲ ಹೇಳಿದ ಮೇಲೆ ಅದು ಕಥೆಯಾಗಿಬಿಡುತ್ತದೆಂಬ ಭಯ. ಇನ್ನೂ ಯಾರಿಗೂ ಹೇಳಿಲ್ಲ.

ಯೋನನನ್ನು ಮಕ್ಕಳೇ ಬೆಂಚಿನಿಂದ ಹಾಡುವುದು ಎಂದು ಗೊತ್ತು ಮಾಡಿದ್ದೆ. ನಡೆಯುವುದಿಲ್ಲ, ಬತ್ತಿ ಇಲ್ಲ, ಸುಮ್ಮನೆ ಕೂತು ಹಾಡುವುದು. ಉಳಿಸಿಕೊಳ್ಳುವುದಕ್ಕೆ ಅಷ್ಟು ಸಾಕು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಚಾಪೆಲ್ ತುಂಬಿತ್ತು. ವಾಲ್ಟರ್ ಇರಲಿಲ್ಲ. ಪೀಲ್‌ನ ಅಕ್ಕತಂಗಿಯರು ತಮ್ಮದನ್ನು ಹಾಡಿದರು, ಬೆಂಚುಗಳಿಂದ ಹಾಡುವವರ ಮೇಲೆ ಹುರಿದ ಬಟಾಣಿ ಹಾರಿ ಬಂದವು. ಒಂದು ಪಾದ್ರಿಯ ಕನ್ನಡಕಕ್ಕೆ ಬಿತ್ತು, ಆತ ಹೊಸಬ, ಇದು ನಮ್ಮ ಪದ್ಧತಿ ಎಂದು ಯಾರೋ ಕಿವಿಯಲ್ಲಿ ಹೇಳಿದರು. ಆತ ನೆಲದಿಂದ ಒಂದನ್ನು ಆರಿಸಿ ತಿರುಗಿ ಎಸೆದ. ಈ ಪಾದ್ರಿ ನಮ್ಮಲ್ಲಿ ನಿಲ್ಲುತ್ತಾನೆ.

ಮಕ್ಕಳನ್ನು ಎಬ್ಬಿಸಲು ನಾನು ಕೈ ಎತ್ತಿದಾಗ ಹಿಂದಿನ ಬಾಗಿಲು ತೆರೆಯಿತು. ಚಳಿ ಮೊದಲು ಒಳಗೆ ಬಂತು, ಆಮೇಲೆ ಗಾಲಿಕುರ್ಚಿ. ನಾರ್ಮನ್, ಮೇಲೆ ಡೊರೀನ್‌ನ ಹಸಿರು ಕಂಬಳಿ, ತಲೆ ಬಾಚಿತ್ತು. ಕುರ್ಚಿಯ ಹಿಂದೆ ವಾಲ್ಟರ್. ಇಬ್ಬರನ್ನೂ ಆರೈಕೆಮನೆಯ ವ್ಯಾನಿನಲ್ಲಿ ಕರೆತರಲು ಡೊರೀನ್‌ರನ್ನು ಒಪ್ಪಿಸಿದ್ದು ವಾಲ್ಟರ್ ಅವರೇ ಎಂದು ಆಮೇಲೆ ತಿಳಿಯಿತು. ನನಗೆ ಹೇಳಿದರೆ ಕಾರ್ಯಕ್ರಮದಲ್ಲಿ ಅಚ್ಚು ಹಾಕಿಸುತ್ತೇನೆ ಎಂದು ಹೇಳಲಿಲ್ಲವಂತೆ. ಹಾಕಿಸುತ್ತಿದ್ದೆ, ಅದು ನಿಜ.

ಕುರ್ಚಿ ತಳ್ಳಲು ಎರಡು ಕೈ ಬೇಕು. ಹಾಗಾಗಿ ವಾಲ್ಟರ್ ಕೈಯಲ್ಲಿ ಬತ್ತಿ ಇರಲಿಲ್ಲ. ನಾರ್ಮನ್ ಎಡಗೈಯಲ್ಲಿ ಒಂದು, ಇಬ್ಬರಿಗೂ ಅದೊಂದೇ. ಮೊದಲು ದನಿ ಎತ್ತಿದ್ದು ನಾರ್ಮನ್. ನೀನು ಆ ದನಿಯನ್ನು ನೆನಪಿಸಿಕೊಳ್ಳುತ್ತೀಯ ಎಂದುಕೊಳ್ಳುತ್ತೇನೆ, ಅದು ಅದಲ್ಲ. ತೆಳುವಾಗಿದೆ, ಅಂಚಿನಲ್ಲಿ ಹರಿದಿದೆ. ಆದರೆ ಪದಗಳು ಪೂರ್ತಿ ಇದ್ದವು, ಒಂದೊಂದೂ. ನನ್ನ ಪಕ್ಕದ ಹುಡುಗಿ, ಈ ಅಜ್ಜನಿಗೆ ಮಾತು ಬರಲ್ಲ ಅಂದಿದ್ರಲ್ಲ ಎಂದು ನನ್ನ ತೋಳು ಚಿವುಟಿದಳು.

ಎರಡು ಪದ್ಯ, ನಾಲ್ಕು ಹೆಜ್ಜೆ. ನಿಲ್ಲುವುದು. ಎರಡು ಪದ್ಯ, ನಾಲ್ಕು ಹೆಜ್ಜೆ. ಗಾಲಿಯ ಕೆಳಗೆ ಬಟಾಣಿ ಪುಡಿಯಾಗುವ ಸದ್ದು. ಮೂರನೇ ಸಾಲು ಬಂದಾಗಲೆಲ್ಲ ನಿನ್ನ ದೊಡ್ಡಪ್ಪ ಮೇಲಕ್ಕೆ, ವಾಲ್ಟರ್ ಕೆಳಕ್ಕೆ. ಡೊರೀನ್ ಮೊದಲ ಬೆಂಚಿನಿಂದ ವಾಲ್ಟರ್ ಮೇಲೆ ಮುಷ್ಟಿಗಟ್ಟಲೆ ಎಸೆಯುತ್ತಿದ್ದರು, ಎಷ್ಟೋ ವರ್ಷದ ಬಾಕಿ ತೀರಿಸುವವರಂತೆ. ಎಲ್ಲ ಎಂದಿನಂತೆ ಎಂದು ನನಗೆ ಅನ್ನಿಸತೊಡಗಿತ್ತು.

ಎಲ್ಲ ಪದ್ಯ ಹಾಡಲಿಲ್ಲ, ಆಗುತ್ತಿರಲಿಲ್ಲ. ವೇದಿಕೆಯ ಹತ್ತಿರ ಬಂದಾಗ ಕೊನೆಯದಕ್ಕೆ ಹಾರಿದರು, ಮೀನು ದಡಕ್ಕೆ ಬಂದ ಪದ್ಯಕ್ಕೆ. ಒಂದನೇ ಸಾಲು, ಎರಡನೆಯದು. ಮೂರನೆಯದರ ಕೊನೆಗೆ ಮುಂಚೆ ಆ ಸಣ್ಣ ಉಸಿರು ಕೇಳಿಸಿತು. ಅದು ಕುರ್ಚಿಯಿಂದ ಬರಲಿಲ್ಲ. ಕುರ್ಚಿಯ ಹಿಂದಿನಿಂದ ಬಂತು. ವಾಲ್ಟರ್ ಮೇಲಕ್ಕೆ ಹೋದರು.

ಎಂಬತ್ತೆರಡರ ದನಿ, ಆ ಎತ್ತರ ಅಭ್ಯಾಸವಿಲ್ಲ. ಅರ್ಧದಲ್ಲಿ ಬಿರಿಯಿತು, ಉಳಿದದ್ದನ್ನು ಬರೀ ಗಾಳಿಯಲ್ಲಿ ಮುಗಿಸಿದರು. ಅದೇ ಹೊತ್ತಿಗೆ ನಾರ್ಮನ್ ಕೆಳಕ್ಕೆ ಇಳಿದರು. ವಾಲ್ಟರ್ ಏರಿದ್ದನ್ನು ಕೇಳಿ ಆಮೇಲೆ ಇಳಿದದ್ದಲ್ಲ, ಅದಕ್ಕೆ ಸಮಯವೇ ಇರಲಿಲ್ಲ. ಇಬ್ಬರೂ ತಮ್ಮ ತಮ್ಮಷ್ಟಕ್ಕೆ, ಒಂದೇ ಕ್ಷಣ, ಇನ್ನೊಬ್ಬನಿಗೆ ಬಿಟ್ಟುಕೊಡಲು ಹೊರಟು ದಾರಿಯಲ್ಲಿ ಅಡ್ಡಹಾಯ್ದರು. ನಾಲ್ಕನೇ ಸಾಲಿನಲ್ಲಿ ಕೂಡಿಕೊಂಡರು. ಮುಗಿಯಿತು.

ಯಾರಿಗೂ ತಿಳಿಯಲಿಲ್ಲ, ಡಾಲಿನ್. ತಿಳಿಯುವುದು ಹೇಗೆ? ಅದೇ ಎರಡು ಸ್ವರ, ಒಂದು ಮೇಲೆ ಒಂದು ಕೆಳಗೆ. ಆ ವಿದ್ವಾಂಸ ಮತ್ತೆ ಬಂದಿದ್ದರೂ ಅವನ ಲೇಖನದಲ್ಲಿ ಒಂದಕ್ಷರ ಬದಲಾಗುತ್ತಿರಲಿಲ್ಲ. ಡೊರೀನ್ ಒಬ್ಬರ ಕೈ ಬಟಾಣಿ ಹಿಡಿದು ಗಾಳಿಯಲ್ಲಿ ನಿಂತಿತ್ತು. ಆಮೇಲೆ ಅವರು ಅದನ್ನು ಒಂದೊಂದಾಗಿ ಕೋಟಿನ ಜೇಬಿಗೆ ಹಾಕಿಕೊಂಡರು.

ನಾರ್ಮನ್‌ಗೆ ಅದು ಗೊತ್ತಿದ್ದು ಆದದ್ದೇ, ಅಥವಾ ಅಷ್ಟು ವರ್ಷ ಪಕ್ಕದ ಕಿವಿಗೆ ಬಿದ್ದದ್ದು ಆ ಗಳಿಗೆಯಲ್ಲಿ ತಾನಾಗಿ ಹೊರಬಂತೇ, ನಾನು ಹೇಳಲಾರೆ. ಅವರನ್ನು ಕೇಳುವಂತಿಲ್ಲ. ವಾಲ್ಟರ್‌ರನ್ನು ಕೇಳಬಹುದಿತ್ತು, ಕೇಳಿದೆ. ಕುರ್ಚಿಯನ್ನು ಡೊರೀನ್ ಪಕ್ಕ ನಿಲ್ಲಿಸಿ, ಬ್ರೇಕು ಒತ್ತಿ, ಕಂಬಳಿಯ ತುದಿಯನ್ನು ಗಾಲಿಯಿಂದ ಬಿಡಿಸಿ, ಒಂದೂ ಮಾತಾಡದೆ ಹೊರಟಿದ್ದರು. ಬಾಗಿಲ ಹತ್ತಿರ ಹಿಡಿದೆ.

"ಯಾರು ಹೇಳಿದ್ದು ನಿನಗೆ? ನಾನು ಯಾವಾಗ್ಲೂ ಹಾಡೋ ಹಾಗೇ ಹಾಡಿದ್ದು," ಅಂದರು. ಕಣ್ಣು ನನ್ನ ಮೇಲಿರಲಿಲ್ಲ. "ನಿನ್ನ ಕಿವಿ ಡಾಕ್ಟರಿಗೆ ತೋರಿಸ್ಕೋ, ಹುಡುಗಿ."

ನನ್ನ ಕಿವಿ ಸರಿಯಾಗಿದೆ. ಇಪ್ಪತ್ತು ವರ್ಷದಿಂದ ನಾನು ಈ ಕೆಲಸದಲ್ಲಿದ್ದೇನೆ, ಸಭೆಗಳಲ್ಲಿ ಕೂತು ವರದಿ ಬರೆದಿದ್ದೇನೆ, ಮಕ್ಕಳಿಗೆ ಕಲಿಸಿದ್ದೇನೆ. ಹೀಗೊಂದು ಆಗುವುದನ್ನು ಕೇಳಿರಲಿಲ್ಲ. ವರದಿಯಲ್ಲಿ ಇದನ್ನು ಬರೆಯುವುದಿಲ್ಲ. ನಿನಗೆ ಬರೆದೆ.

ಏಲಿಶ್


ಹೋಬರ್ಟ್
೬ ಫೆಬ್ರವರಿ ೨೦೨೩

ಏಲಿಶ್,

ಹಡಗು ಇಳಿದ ದಿನ ಓದಿದೆ. ಆಮೇಲೆ ದಿನವೂ ಓದುತ್ತಿದ್ದೇನೆ, ಉತ್ತರ ಬರೆಯಲು ಕೂರುವುದು, ಏಳುವುದು.

ಬೇರೆ ಯಾರು ಬರೆದಿದ್ದರೂ ನಂಬುತ್ತಿರಲಿಲ್ಲ. ನೀನು ಬರೆದದ್ದರಿಂದ ನಂಬಿ, ಆಮೇಲೆ ಸ್ವಲ್ಪ ಸಿಟ್ಟೂ ಬಂತು. ದೊಡ್ಡಪ್ಪ ಇಳಿಯಬಾರದಿತ್ತು ಎಂದು. ಅವರ ಪರವಾಗಿ ಇಲ್ಲಿ ನಿಂತು ಕಾಯುತ್ತಿದ್ದವನು ನಾನು, ಅವರೇ ಬಿಟ್ಟುಕೊಟ್ಟರೆ ನಾನು ಏನು ಕಾಯುವುದು? ಎರಡು ದಿನ ಅದೇ ತಲೆಯಲ್ಲಿತ್ತು. ಮೂರನೇ ದಿನ ಶೆಡ್ಡಿನಲ್ಲಿ ಒಬ್ಬನೇ ಇದ್ದಾಗ ವಾಲ್ಟರ್ ಸಾಲನ್ನು ಹಾಡಿ ನೋಡಿದೆ. ಚಿಕ್ಕಂದಿನಿಂದ ಕೇಳಿದ್ದೇನೆ, ಒಮ್ಮೆಯೂ ಹಾಡಿರಲಿಲ್ಲ. ಜಗಳದ ಮೇಲೆ ನಮ್ಮ ಮನೆಯಲ್ಲಿ ಅದನ್ನು ಬಾಯಿಗೆ ತರುವಂತಿರಲಿಲ್ಲ. ಚೆನ್ನಾಗಿದೆ. ಕೆಳಗೆ ಹೋದಾಗ ಅಲ್ಲಿ ಜಾಗವಿದೆ, ನಿಲ್ಲಬಹುದು.

ನವೆಂಬರ್‌ನಲ್ಲಿ ನಾನು ಹಡಗು ಹತ್ತಿದ್ದು ಯಾಕೆ ಎಂದು ನೀನು ಕೇಳಲಿಲ್ಲ. ಅದಕ್ಕೆ ನಾನು ಋಣಿ. ನನ್ನ ಭಾಷೆಯೆಲ್ಲ ಒಬ್ಬ ಮನುಷ್ಯನ ಬಾಯಿಂದ ಬಂದದ್ದು. ಆ ಬಾಯಿಯ ಎದುರು ಕೂತು, ಈ ಕಡೆಯಿಂದ ನಾನೇ ಮಾತಾಡುತ್ತ ಹೋಗುವುದನ್ನು ಎಣಿಸಿಕೊಂಡರೆ ಅದಕ್ಕಿಂತ ಮಂಜುಗಡ್ಡೆ ಸುಲಭ ಅನ್ನಿಸಿತ್ತು. ಮಾತಾಡದೆಯೂ ಅಲ್ಲಿ ಹೋಗಿ ಕೂರಬಹುದು ಎಂಬುದು ನನಗೆ ಹೊಳೆದಿರಲಿಲ್ಲ. ಅದನ್ನು ವಾಲ್ಟರ್ ಸ್ಕಿಲಿಕಾರ್ನ್‌ರಿಂದ ಕಲಿಯಬೇಕಾಯಿತು. ಇದನ್ನು ಅವರಿಗೆ ಹೇಳಬೇಡ, ಉಬ್ಬಿಹೋಗುತ್ತಾರೆ.

ಮಕ್ಕಳಿಗೆ ಎರಡನ್ನೂ ಕಲಿಸು. ಮೊದಲು ಹೇಳಿದ್ದನ್ನು ಬಿಟ್ಟುಬಿಡು.

ಏಪ್ರಿಲ್ ಮೊದಲ ವಾರ ಬರುತ್ತೇನೆ, ಟಿಕೆಟ್ ಆಗಿದೆ. ದೊಡ್ಡಮ್ಮನಿಗೆ ನಾನೇ ಫೋನ್ ಮಾಡಿ ಹೇಳಿದೆ. ಈ ಸಲ ಫೋನನ್ನು ಅವರ ಕಿವಿಗೆ ಹಿಡಿಯಿರಿ ಎಂದೆ. ಆ ಕಡೆಯಿಂದ ಉಸಿರು ಮಾತ್ರ ಕೇಳಿಸಿತು. ನಾನು ಮೊದಲ ಪದ್ಯ ಶುರು ಮಾಡಿದೆ, ಎರಡನೇ ಸಾಲಿಗೆ ಅವರು ಸೇರಿಕೊಂಡರು.

ಗುರುವಾರದ ಬಸ್ಸಿನಲ್ಲಿ ನಾನೂ ಬರಬಹುದೇ ಎಂದು ವಾಲ್ಟರ್‌ರನ್ನು ಕೇಳಿ ನೋಡು.

ಡಾಲಿನ್


ಡಾಲ್ಬಿ
೨೪ ಫೆಬ್ರವರಿ ೨೦೨೩

ಡಾಲಿನ್,

ಇವತ್ತು ಬೆಳಿಗ್ಗೆ ಕೇಳಿದೆ. ವಾಲ್ಟರ್ ಶೆಡ್ಡಿನಲ್ಲಿ ಬಿತ್ತನೆ ಆಲೂಗಡ್ಡೆಗಳನ್ನು ಮೊಳಕೆ ಮೇಲಾಗಿ ಮೊಟ್ಟೆಯ ತಟ್ಟೆಗಳಲ್ಲಿ ಕೂರಿಸುತ್ತಿದ್ದರು. ಒಂದು ತಟ್ಟೆ ತುಂಬಿಸಿ ಪಕ್ಕಕ್ಕಿಟ್ಟರು. ನೀನು ಬರುತ್ತೀಯ ಎಂಬ ಸುದ್ದಿ ಅವರಿಗೆ ಆಗಲೇ ಗೊತ್ತಿತ್ತು, ಡೊರೀನ್ ಊರಿಗೆಲ್ಲ ಹೇಳಿದ್ದಾರೆ.

"ಬರಲಿ," ಅಂದರು ಕೊನೆಗೆ. "ಬಸ್ಸೇನು ನಮ್ಮಪ್ಪನದಲ್ಲ. ಆದ್ರೆ ಅವನು ಯಾವ ಕಡೆ ಸಾಲು ಹಾಡ್ತಾನೆ ಅಂತ ಈಗಲೇ ಬರೆದು ಕಳಿಸೋಕೆ ಹೇಳು."

ಯಾಕೆ ಎಂದೆ. ಇನ್ನೊಂದು ತಟ್ಟೆ ಎಳೆದುಕೊಂಡರು.

"ಇನ್ನೊಂದು ಕಡೇದನ್ನ ನಾನು ಅಭ್ಯಾಸ ಮಾಡ್ಕೋಬೇಕು."

ಏಲಿಶ್